ಮನೆವಾರ್ತೆ: ಪೆಟ್ಟಿಗೆಯೊಳಗಣ ದುಭಾಷಿ

ಪುಣೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದು ಎರಡು ಸಂಚಿಕೆಗಳು ಕಳೆದುವು. "ಟೆಲಿವಿಷನ್ನಿನ ಕೆಳಗೆ ಇಡುವಂಥ ಒಂದು ಪುಟ್ಟ ಕಂಪ್ಯೂಟರು, ಮಿನಿ ಪಿ.ಸಿ. ಎನ್ನುತ್ತಾರಲ್ಲ, ಅದನ್ನು ಕೊಳ್ಳಬೇಕೆಂದಿದ್ದೇವೆ. ಯಜಮಾನರಿಗೆ ಸಿನಿಮಾ ಬೇಕು. ಮಗನಿಗೆ ತಾನು ಚಿಕ್ಕವನಾಗಿದ್ದಾಗ ಆಡಿದ ವಿಡಿಯೋ ಆಟಗಳು ಬೇಕು. ಅಂಗಡಿಗೆ ಹೋದರೆ ಹತ್ತು ಪ್ರೊಸೆಸರುಗಳ ಹೆಸರು ಹೇಳುತ್ತಾರೆ. ಯಾವುದನ್ನು ಕೊಳ್ಳೋಣ? ಮನೆವಾರ್ತೆಯಲ್ಲಿ ಬರೆಯಿರಿ" ಎಂದು ಅವರ ಅಪ್ಪಣೆ. ಹೋಳಿಗೆಯ ಕಣಕ ಏಕೆ ಹರಿಯುತ್ತದೆ, ಮಳೆಗಾಲದಲ್ಲಿ ಹಪ್ಪಳಕ್ಕೆ ಮುಗ್ಗಲು ಏಕೆ ಹಿಡಿಯುತ್ತದೆ ಎಂದೆಲ್ಲ ಧೈರ್ಯವಾಗಿ ಬರೆದಿರುವ ನಾವು ಈ ಕಾಗದವನ್ನು ಮಾತ್ರ ಮಡಿಸಿ ಮೇಜಿನ ಖಾನೆಯಲ್ಲಿಟ್ಟೆವು. ಕಾರಣ ಹೇಳಲು ನಾಚಿಕೆಯೇನೂ ಇಲ್ಲ. ಅದೇ ವಾರ ನಾವೂ ಅಂಥದೊಂದು ಪೆಟ್ಟಿಗೆ ತಂದು, ತಪ್ಪು ಸಾಮಾನು ತಂದೆವೆಂದು ಮನೆಯವರ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆವು. ತಾನೇ ಹಳ್ಳದಲ್ಲಿರುವವನು ಇನ್ನೊಬ್ಬರಿಗೆ ದಾರಿ ಹೇಳುವುದು ಹೇಗೆ?

ನಡೆದದ್ದು ಹೀಗೆ. ನಮ್ಮ ತಾಯಿಯವರು ತೀರ್ಥಹಳ್ಳಿಯ ಮನೆಗೆ ಬೀಗ ಹಾಕಿ, ಡೊಂಬಿವಲಿಯ ನಮ್ಮ ಎರಡು ಕೋಣೆಯ ಸಂಸಾರಕ್ಕೆ ಬಂದು ನಾಲ್ಕು ವರ್ಷವಾಯಿತು. ಬರುವಾಗ ಒಂದು ಟ್ರಂಕು ತಂದರು. ಅದರಲ್ಲಿ ರೇಷ್ಮೆ ಸೀರೆಗಳ ನಡುವೆ, ಸೀರೆಗಿಂತ ಜೋಪಾನವಾಗಿ, ಒಂದು ವಿಡಿಯೋ ಕ್ಯಾಸೆಟ್ಟು. ಅದರಿಂದ ಎಂದೋ ಇಳಿಸಿಟ್ಟ ಒಂದು ಡಿ.ವಿ.ಡಿ. ತಟ್ಟೆ. 1994ರ ಬೇಸಿಗೆಯಲ್ಲಿ ಆದ ನಮ್ಮ ತಂಗಿಯ ಮದುವೆ ಅದು. ತಂದೆಯವರು 1997ರಲ್ಲಿ ತೀರಿಕೊಂಡರು. ಅವರ ಫೋಟೋಗಳು ಹತ್ತಾರು ಉಂಟು. ಧ್ವನಿ ಉಳಿದಿರುವುದು ಇದೊಂದರಲ್ಲಿ. ಅದೂ ಚಪ್ಪರದಡಿ ನಡೆದುಹೋಗುತ್ತ ಆಡಿದ ಎರಡು ಮಾತು, ಅಷ್ಟೆ.

ಕ್ಯಾಸೆಟ್ಟು ಹಾಕುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ. ತಟ್ಟೆಯಲ್ಲಿದ್ದುದನ್ನು ಪೆನ್‌ಡ್ರೈವಿಗೆ ಇಳಿಸಿ ಟೆಲಿವಿಷನ್ನಿಗೆ ಸಿಕ್ಕಿಸಿದೆವು. ಚಿತ್ರ ಬಂತು, ಧ್ವನಿ ಬರಲಿಲ್ಲ. ಆ ಬಗೆಯ ಧ್ವನಿ ತನಗೆ ತಿಳಿಯದೆಂದು ಪರದೆಯ ಮೇಲೆ ಒಂದು ಸಾಲು ಮೂಡಿ ಮಾಯವಾಯಿತು. ತಾಯಿಯವರು ಕನ್ನಡಕ ತೆಗೆದು, "ಮೂಕಿ ಸಿನಿಮಾ ಆಯಿತಲ್ಲೋ" ಎಂದರು. ಮುಂದೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆ ಶನಿವಾರವೇ ಪೇಟೆಗೆ ಹೋದೆವು. ಅಂಗಡಿಯವನು ಅಂಗೈಯಗಲದ ಒಂದು ಪೆಟ್ಟಿಗೆ ತೋರಿಸಿ, "ನಾಲ್ಕು ಕೋರು, 4ಕೆ, ಎಲ್ಲವೂ ಓಡುತ್ತದೆ" ಎಂದು ಹಿಂದಿಯಲ್ಲಿ ಅಭಯ ಕೊಟ್ಟ. ಎಲ್ಲವೂ ಎಂದರೆ ಏನೇನು ಎಂದು ನಾವು ಕೇಳಲಿಲ್ಲ. ಮನೆಗೆ ತಂದು ಹಚ್ಚಿದಾಗ ಧ್ವನಿಯೇನೋ ಬಂತು. ಆದರೆ ಚಿತ್ರದಲ್ಲಿ ನಿಂತವರು ಸರಿಯಾಗಿ ಕಾಣುವರು, ನಡೆದವರು ಸೀಳಿಹೋಗುವರು! ಚಲಿಸುವ ಪ್ರತಿಯೊಂದರ ಅಂಚಿಗೂ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ತಂದೆಯವರು ಆ ಎರಡು ಮಾತು ಆಡಿದ್ದು ನಡೆಯುತ್ತಲೇ. "ಆಗ ಮುಖ ಇತ್ತು, ಧ್ವನಿ ಇರಲಿಲ್ಲ. ಈಗ ಧ್ವನಿ ಇದೆ, ಮುಖ ಇಲ್ಲ" ಎಂದರು ತಾಯಿಯವರು.

ಆ ತಂಗಿಯ ಮಗ, ಹೈದರಾಬಾದಿನಲ್ಲಿ ಕೆಲಸದಲ್ಲಿರುವ ನಮ್ಮ ಸೋದರಳಿಯ, ದಸರೆಗೆ ಬಂದಾಗ ತನ್ನ ಹಳೆಯ ಎರಡನೆಯ ಪ್ಲೇಸ್ಟೇಷನ್ನಿನ ಕಾರೋಟದ ಆಟವನ್ನು ಇದರಲ್ಲಿ ಹಾಕಿ ನೋಡಿದ. ಕೀಲಿ ಮುಗಿಯುತ್ತ ಬಂದ ಗ್ರಾಮಫೋನಿನಂತೆ ಸಂಗೀತ ಎಳೆಯಿತು; ಕಾರು ಎತ್ತಿನ ಗಾಡಿಯಾಯಿತು. ನಾವು ಎರಡು ದೂರುಗಳನ್ನೂ ಒಂದೇ ಗಂಟಿಗೆ ಕಟ್ಟಿ, "ಪ್ರೊಸೆಸರು ದುರ್ಬಲ" ಎಂದು ತೀರ್ಪು ಕೊಟ್ಟೆವು. ಆ ತೀರ್ಪು ಅರ್ಧ ನಿಜ, ಅರ್ಧ ಸುಳ್ಳು ಎಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಕಲಿತದ್ದನ್ನೇ ಈಗ ಪುಣೆಯ ಸೋದರಿಗೆ ಒಪ್ಪಿಸುತ್ತಿದ್ದೇವೆ.

ಮೊದಲು ಒಂದು ಮಾತು. ಈ ಪ್ರೊಸೆಸರು ಎಂಬ ಬಿಲ್ಲೆಯೊಳಗೆ ಇಬ್ಬರು ಬೇರೆ ಬೇರೆ ಕಸುಬುದಾರರು ಕುಳಿತಿದ್ದಾರೆ. ಅಂಗಡಿಯವರು ಇಬ್ಬರನ್ನೂ ಕೂಡಿಸಿ "ಪವರ್" ಎಂದುಬಿಡುತ್ತಾರೆ. ಅಲ್ಲಿಯೇ ನಮ್ಮಂಥವರು ಎಡವುವುದು.

ಒಬ್ಬನು ಸಿನಿಮಾ ಬಿಡಿಸುವವನು. ಸಿನಿಮಾವನ್ನು ಇದ್ದ ಹಾಗೆಯೇ ಇಡಲು ಜಾಗ ಸಾಲದೆಂದು ಅದನ್ನು ಹಿಂಡಿ, ಸುತ್ತಿ, ಕಟ್ಟಿಡುತ್ತಾರೆ. ಕಟ್ಟುವ ಕ್ರಮ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಡಿ.ವಿ.ಡಿ. ತಟ್ಟೆಗಳಲ್ಲಿರುವುದು 90ರ ದಶಕದ ಎಂಪೆಗ್-2. 2003ರಲ್ಲಿ ಎಚ್.264 ಬಂತು, 2013ರಲ್ಲಿ ಎಚ್.ಇ.ವಿ.ಸಿ., 2018ರಲ್ಲಿ ಎವಿ1. ಯೂಟ್ಯೂಬಿನವರು ಈಗ ಎವಿ1ನ್ನು ಧಾರಾಳವಾಗಿ ಬಳಸುತ್ತಾರೆ. ಹೀಗೆ ಕಟ್ಟಿದ್ದನ್ನು ಬಿಡಿಸಲು ಪ್ರೊಸೆಸರಿನ ಒಂದು ಮೂಲೆಯಲ್ಲಿ ಅದಕ್ಕೆಂದೇ ಕಟ್ಟಿದ ಒಂದು ಸಣ್ಣ ಯಂತ್ರವುಂಟು. ಅದು ನಮ್ಮ ಚಕ್ಕುಲಿ ಒರಳಿನ ಹಾಗೆ. ಅಚ್ಚು ಇದ್ದರೆ ಚಕ್ಕುಲಿ ಸರಸರನೆ ಬೀಳುತ್ತದೆ, ಒತ್ತುವವರಿಗೆ ಆಯಾಸವಿಲ್ಲ. ಅಚ್ಚು ಇಲ್ಲವೋ, ಸಾಗರದ ಕಡೆಯ ಕೈಚಕ್ಕುಲಿಯಂತೆ ಹತ್ತು ಜನ ಕುಳಿತು ಬೆರಳಲ್ಲಿ ಸುತ್ತಬೇಕು. ಆಗುವುದಿಲ್ಲವೆಂದಲ್ಲ, ಆದೀತು, ಆದರೆ ಬೆವರು ಬರುತ್ತದೆ. ಪೆಟ್ಟಿಗೆಯ ಬೆವರೆಂದರೆ ಬಿಸಿ ಮತ್ತು ಫ್ಯಾನಿನ ಗರಗರ. ಅಡಿಗೆಮನೆಯ ಒರಳಿಗೂ ಇದಕ್ಕೂ ಒಂದೇ ವ್ಯತ್ಯಾಸ: ಕಾರ್ಖಾನೆಯಲ್ಲಿ ಕೂಡಿಸಿದ ಅಚ್ಚುಗಳೇ ಕೊನೆಯವರೆಗೆ. ಆಮೇಲೆ ಪೇಟೆಯಿಂದ ಹೊಸ ಅಚ್ಚು ತಂದು ಹಾಕಲು ಬರುವುದಿಲ್ಲ.

ಆದ್ದರಿಂದ ಸಿನಿಮಾದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ "ಎಷ್ಟು ಕೋರು?" ಎಂಬುದಲ್ಲ, "ಯಾವ ಯಾವ ಅಚ್ಚು ಇವೆ?" ಎಂಬುದು. 2023ರಲ್ಲಿ ಬಂದ ಇಂಟೆಲ್ ಎನ್100 ಎಂಬ ಬಡ ಪ್ರೊಸೆಸರನ್ನೇ ನೋಡಿ. ನಾಲ್ಕು ಚಿಕ್ಕ ಕೋರುಗಳು. ಇಂಟೆಲ್ ಅದಕ್ಕೆ ಗೊತ್ತು ಮಾಡಿದ ಶಕ್ತಿ 6 ವಾಟು, ನಮ್ಮ ದೇವರ ಕೋಣೆಯ ಎಲ್.ಇ.ಡಿ. ದೀಪದಷ್ಟು. ಅಷ್ಟರಲ್ಲೇ 4ಕೆ ಸಿನಿಮಾವನ್ನು, ಎವಿ1 ಆದರೂ ಸರಿ, ಉಸಿರು ಬಿಡದೆ ತೋರಿಸುತ್ತದೆ. ಏಕೆಂದರೆ ಅಚ್ಚು ಇದೆ. 2021ರ ಎ.ಎಂ.ಡಿ. ರೈಜನ್ 7 5700ಯು ಎಂಬುದಕ್ಕೆ ಎಂಟು ಕೋರುಗಳು, ಬೆಲೆಯೂ ಹೆಚ್ಚು. ಆದರೆ ಎವಿ1ರ ಅಚ್ಚು ಇಲ್ಲ. ಕೋರುಗಳೆಲ್ಲ ಸೇರಿ ಕೈಯಲ್ಲಿ ಸುತ್ತುತ್ತವೆ. ಸಿನಿಮಾದಲ್ಲಿ ನಾಯಕಿ ಪಿಸುಮಾತಾಡುವಾಗ ಟೆಲಿವಿಷನ್ನಿನ ಕೆಳಗಿಂದ ಹಿಟ್ಟಿನ ಗಿರಣಿ ಕೇಳುತ್ತದೆ.

ಇನ್ನೊಬ್ಬ ಕಸುಬುದಾರನು ದುಭಾಷಿ. ಇವನ ಪರಿಚಯವನ್ನು ನಮ್ಮ ಓದುಗ ಬಂಧುಗಳಿಗೆ ಮಾಡಿಕೊಡಬೇಕಾದ್ದೇ ಇಲ್ಲ. ಹೊರನಾಡಿನ ನಾವೆಲ್ಲ ಒಂದಲ್ಲ ಒಂದು ದಿನ ಆ ಕೆಲಸ ಮಾಡಿದವರೇ. ಊರಿನಿಂದ ಬಂದ ಸೋದರತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಾಗ, ಅತ್ತೆಯ ಕನ್ನಡವನ್ನು ಡಾಕ್ಟರಿಗೆ ಮರಾಠಿಯಲ್ಲಿ, ಡಾಕ್ಟರ ಮರಾಠಿಯನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತ ನಡುವೆ ಬೆವರುವವನು ಯಾರು? ಹಳೆಯ ಆಟದ ಯಂತ್ರಗಳ ಆಟ ಇಂದಿನ ಕಂಪ್ಯೂಟರಿನಲ್ಲಿ ನಡೆಯುವುದೂ ಹೀಗೆಯೇ. ಆ ಯಂತ್ರದ ಭಾಷೆ ಬೇರೆ, ಈ ಪ್ರೊಸೆಸರಿನ ಭಾಷೆ ಬೇರೆ. ಎಮ್ಯುಲೇಟರು ಎಂಬ ತಂತ್ರಾಂಶ ನಡುವೆ ಕುಳಿತು, ಆಟ ಆಡುತ್ತಿರುವಾಗಲೇ, ಒಂದೊಂದು ಅಪ್ಪಣೆಯನ್ನೂ ತರ್ಜುಮೆ ಮಾಡುತ್ತದೆ. ತಡವರಿಸಿದರೆ ಸಂಗೀತ ಎಳೆಯುತ್ತದೆ, ಕಾರು ಗಾಡಿಯಾಗುತ್ತದೆ. ಇಲ್ಲಿ ಚಕ್ಕುಲಿ ಒರಳಿನಿಂದ ಕಾಸಿನ ಉಪಯೋಗವಿಲ್ಲ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅತ್ತೆ ಒಬ್ಬರು, ಡಾಕ್ಟರು ಒಬ್ಬರು ಇದ್ದಾಗ ಎಂಟು ಜನ ದುಭಾಷಿಗಳನ್ನು ಕರೆದೊಯ್ದರೆ ಮಾತು ಎಂಟರಷ್ಟು ಬೇಗ ಸಾಗುವುದೆ? ಒಬ್ಬನೇ ಆಗಲಿ, ನಾಲಗೆ ಚುರುಕಾಗಿರಬೇಕು. ಹಾಗೆಯೇ ಆಟಗಳಿಗೆ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ಚುರುಕು ಮುಖ್ಯ. ಎರಡು ಮೂರು ಚುರುಕಾದ ಕೋರುಗಳಿದ್ದರೆ ಉಳಿದವು ಬಹುಮಟ್ಟಿಗೆ ಸಭೆಯ ಶೋಭೆಗೆ.

ಇನ್ನು, ಯಾರ ಭಾಷೆ ಎಷ್ಟು ಕಠಿಣ? ನಮ್ಮ ದೇಶದಲ್ಲಿ 90ರ ದಶಕದಲ್ಲಿ ಮಕ್ಕಳು ಟೆಲಿವಿಷನ್ನಿಗೆ ಸಿಕ್ಕಿಸಿ, ಬಣ್ಣದ ಕ್ಯಾಸೆಟ್ಟು ತುರುಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಅಗ್ಗದ ಯಂತ್ರ ನೆನಪಿದೆಯಲ್ಲವೆ? ಅದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಕಂಪನಿಯ ಫ್ಯಾಮಿಕಾಮಿನ ನಕಲು. ಮೂಲದ ಪ್ರೊಸೆಸರಿನ ವೇಗ 2 ಮೆಗಾಹರ್ಟ್ಸಿಗೂ ಕಡಿಮೆ, ಕೆಲಸದ ನೆನಪು 2 ಕಿಲೋಬೈಟು. ಅದರ ಭಾಷೆ ತೊದಲುನುಡಿ. ಇಂದಿನ ಯಾವ ಪ್ರೊಸೆಸರಾದರೂ ನಿದ್ದೆಗಣ್ಣಿನಲ್ಲಿ ತರ್ಜುಮೆ ಮಾಡೀತು. 1994ರ ಮೊದಲನೆಯ ಪ್ಲೇಸ್ಟೇಷನ್ನಿನದು ಸುಮಾರು 34 ಮೆಗಾಹರ್ಟ್ಸ್, ಅದೂ ಸುಲಭ. 1996ರ ನಿಂಟೆಂಡೋ 64, 1998ರ ಡ್ರೀಮ್‌ಕಾಸ್ಟ್, 2004ರ ಕೈಯಲ್ಲಿ ಹಿಡಿಯುವ ಪಿ.ಎಸ್.ಪಿ., ಇವನ್ನೂ ಎನ್100 ನೆಮ್ಮದಿಯಾಗಿ ನಡೆಸುತ್ತದೆ.

ಎಡವಟ್ಟು ಶುರುವಾಗುವುದು 2000ದಲ್ಲಿ ಬಂದ ಎರಡನೆಯ ಪ್ಲೇಸ್ಟೇಷನ್ನಿನಿಂದ. ಅದರ ಮುಖ್ಯ ಪ್ರೊಸೆಸರು ಸುಮಾರು 295 ಮೆಗಾಹರ್ಟ್ಸಿನದು, ಅಷ್ಟೇ. ಆದರೆ ಅದು ಒಬ್ಬಂಟಿಯಲ್ಲ. ಜೊತೆಗೆ ಲೆಕ್ಕ ಮಾಡುವ ಎರಡು ಘಟಕಗಳು, ಚಿತ್ರ ಬರೆಯುವ ಬೇರೊಂದು ಬಿಲ್ಲೆ, ಸಾಲದ್ದಕ್ಕೆ ಹಳೆಯ ಪ್ಲೇಸ್ಟೇಷನ್ನಿನ ಪ್ರೊಸೆಸರೇ ಒಳಗೆ ಗುಮಾಸ್ತನಾಗಿ ಕುಳಿತಿದೆ. ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ. ಯಾರ ಮಾತೂ ತಪ್ಪಬಾರದು, ತಾಳವೂ ತಪ್ಪಬಾರದು. ಬೀಗರ ಪಂಕ್ತಿಯಲ್ಲಿ ನಿಂತ ದುಭಾಷಿಯ ಪಾಡು! ಎನ್100 ಇಂಥ ಆಟಗಳಲ್ಲಿ ಎಷ್ಟೋ ಹಗುರವಾದವನ್ನು ನಡೆಸೀತು, ಚಿತ್ರವನ್ನು ಮೂಲದಷ್ಟೇ ಇಟ್ಟರೆ. ಭಾರದವುಗಳಲ್ಲಿ ಸೋಲುತ್ತದೆ. 2001ರ ಗೇಮ್‌ಕ್ಯೂಬು, 2006ರ ವೀ ಯಂತ್ರಗಳ ಆಟಗಳದ್ದೂ ಇದೇ ಕತೆ. 2006ರ ಮೂರನೆಯ ಪ್ಲೇಸ್ಟೇಷನ್ನಿನ ಸುದ್ದಿಯನ್ನು ಇಂಥ ಸಣ್ಣ ಪ್ರೊಸೆಸರಿನ ಮುಂದೆ ಎತ್ತಲೇಬಾರದು.

ಚಾಚೂ ತಪ್ಪದ ಅನುಕರಣೆ ಬೇಕೆನ್ನುವವರಿಗೆ ಲೆಕ್ಕವೇ ಬೇರೆ. 1990ರ ಸೂಪರ್ ಫ್ಯಾಮಿಕಾಮಿನ ಪ್ರೊಸೆಸರು 4 ಮೆಗಾಹರ್ಟ್ಸ್ ಮುಟ್ಟಿದ್ದಲ್ಲ. ಅದನ್ನು ಕೂದಲೆಳೆಯಷ್ಟೂ ತಪ್ಪದೆ ಅನುಕರಿಸಲು ಸುಮಾರು 3 ಗಿಗಾಹರ್ಟ್ಸಿನ ಪ್ರೊಸೆಸರು ಬೇಕೆಂದು ಬಿಎಸ್‌ನೆಸ್ ಎಂಬ ಎಮ್ಯುಲೇಟರಿನ ಕರ್ತೃ 2011ರಲ್ಲಿ ಬರೆದಿದ್ದರು. ಸುಮಾರು ಸಾವಿರ ಪಟ್ಟು! ಭಾವಾರ್ಥ ಹೇಳುವ ದುಭಾಷಿಗೂ, ಪದಕ್ಕೆ ಪದ, ಉಸಿರಿಗೆ ಉಸಿರು ಒಪ್ಪಿಸುವ ದುಭಾಷಿಗೂ ಅಷ್ಟು ಅಂತರ. ಮನೆಯ ಆಟಕ್ಕೆ ಭಾವಾರ್ಥ ಸಾಕು ಎಂಬುದು ನಮ್ಮ ಮತ.

ಈಗ ಪುಣೆಯ ಸೋದರಿಗೆ ನೇರವಾದ ಉತ್ತರ. ತಮ್ಮ ಮಗ ಯಾವ ವರ್ಷ ಹತ್ತನೆಯ ತರಗತಿಯಲ್ಲಿದ್ದನೆಂದು ತಿಳಿಸಿದರೆ ಪ್ರೊಸೆಸರಿನ ಹೆಸರನ್ನು ನಾವು ಹೇಳಬಲ್ಲೆವು. 2000ಕ್ಕೆ ಮುಂಚೆ ಆದರೆ ಎನ್100 ಸಾಕು, ಹಣ ಉಳಿಸಿ. 2005, 2006 ಆದರೆ ಅವನಿಗೆ ಬೇಕಾಗಿರುವುದು ಎರಡನೆಯ ಪ್ಲೇಸ್ಟೇಷನ್ನಿನ ಆಟ. ಒಂದು ಮೆಟ್ಟಿಲು ಮೇಲೆ ಹೋಗಲೇಬೇಕು.

ಮೇಲಿನ ಮೆಟ್ಟಿಲಿನಲ್ಲಿ ಹೆಸರುಗಳ ಗೊಂದಲವುಂಟು. ಎ.ಎಂ.ಡಿ.ಯವರು 2021ರಲ್ಲಿ ರೈಜನ್ 5500ಯು, 5600ಯು, 5700ಯು, 5800ಯು ಎಂದು ಅಣ್ಣತಮ್ಮಂದಿರಂತೆ ಹೆಸರಿಟ್ಟರು. ನೋಡಿದವರು 5700 ದೊಡ್ಡದೆಂದುಕೊಳ್ಳುತ್ತಾರೆ. ಆದರೆ 5500 ಮತ್ತು 5700 ಜೆನ್ 2 ಎಂಬ ಹಳೆಯ ಪೀಳಿಗೆಯವು, 5600 ಮತ್ತು 5800 ಜೆನ್ 3 ಎಂಬ ಹೊಸ ಪೀಳಿಗೆಯವು. ಒಂದೊಂದು ಕೋರಿನ ಚುರುಕಿನಲ್ಲಿ 5600ಯು ತನ್ನ "ಅಣ್ಣ" 5700ಯುವಿಗಿಂತ ಮುಂದು. ಆಟಕ್ಕೆ ಬೇಕಾದ್ದು ಅದೇ ಅಲ್ಲವೆ? ಮುಂದೆ 7000ದ ಹೆಸರುಗಳು ಬಂದಾಗ ಅವರೇ ಒಂದು ಗುಟ್ಟು ಇಟ್ಟರು: ಮೂರನೆಯ ಅಂಕಿ ಪೀಳಿಗೆಯನ್ನು ಹೇಳುತ್ತದೆ. 7730ಯುವಿನಲ್ಲಿ ಮೂರನೆಯದು 3, ಆದ್ದರಿಂದ ಜೆನ್ 3; 2023ರಲ್ಲಿ ಹೊಸ ಅಂಗಿ ತೊಟ್ಟುಬಂದರೂ ಒಳಗೆ 2021ರ ಬಗೆಯ ದೇಹ, ಎವಿ1ರ ಅಚ್ಚು ಇಲ್ಲ. 7840ಎಚ್.ಎಸ್.ನಲ್ಲಿ 4, ಅದು ಜೆನ್ 4. ಇವುಗಳ ನಡುವೆ 6800ಎಚ್. ಮತ್ತು ಅದರ ಮರುನಾಮಕರಣವಾದ 7735ಎಚ್.ಎಸ್. ಎಂಬವುಗಳಿವೆ. ಅವುಗಳಲ್ಲಿ ಎವಿ1ರ ಅಚ್ಚೂ ಉಂಟು, ಚಿತ್ರ ಬರೆಯುವ ರೇಡಿಯಾನ್ 680ಎಂ. ಎಂಬ ಭಾಗವೂ ಒಳ್ಳೆಯದು. ನಮ್ಮ ಸೋದರಳಿಯ ಕೊನೆಗೆ ಹೈದರಾಬಾದಿನಲ್ಲಿ ಕೊಂಡದ್ದು ಇಂಥದೇ. ಅವನ ಕಾರೋಟದ ಆಟ ಈಗ ಮೂಲಕ್ಕಿಂತ ಮೂರುಪಟ್ಟು ನಯವಾಗಿ ಕಾಣುತ್ತದೆ. ಖರ್ಚೂ ಕಡಿಮೆಯಾಗಲಿಲ್ಲ, ಅದನ್ನು ಅವನ ಹೆಂಡತಿ ಹೇಳುತ್ತಾಳೆ.

ಇಂಟೆಲಿನಲ್ಲಿ ಎನ್95, ಎನ್97, ಎನ್100, 2025ರ ಎನ್150 ಎಂದು ಒಂದು ದಂಡೇ ಇದೆ. ಇವುಗಳ ನಡುವಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ; ಅಗ್ಗಕ್ಕೆ ಸಿಕ್ಕಿದ್ದು ಸಾಕು. ಎಂಟು ಕೋರಿನ ಎನ್305 ಎಂಬುದು ಬೇರೆ ಕೆಲಸಕ್ಕೆ ಒಳ್ಳೆಯದು, ಆಟಕ್ಕೆ ಅದರಿಂದ ದುಪ್ಪಟ್ಟು ಫಲವಿಲ್ಲ. ದುಭಾಷಿಯ ಮಾತು ನೆನಪಿಡಿ.

ಬೆಲೆಗಳನ್ನು ಇಲ್ಲಿ ಬರೆದಿಲ್ಲ. ತ್ರೈಮಾಸಿಕ ಪತ್ರಿಕೆ ಅಚ್ಚಾಗಿ, ಅಂಚೆಯಲ್ಲಿ ಸುತ್ತಿ, ತಮ್ಮ ಕೈ ಸೇರುವ ಹೊತ್ತಿಗೆ ಅವು ಕೊತ್ತಂಬರಿ ಸೊಪ್ಪಿನ ಬೆಲೆಯಂತೆ ಎಲ್ಲಿಗೋ ಹೋಗಿರುತ್ತವೆ.

ಕೈ ಬಿಗಿಯಿದ್ದವರಿಗೆ ಇನ್ನೊಂದು ದಾರಿಯುಂಟು. ಆಫೀಸುಗಳಲ್ಲಿ ಐದಾರು ವರ್ಷ ದುಡಿದು ನಿವೃತ್ತವಾದ ಪುಟ್ಟ ಕಂಪ್ಯೂಟರುಗಳು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸು, ಚೆನ್ನೈಯ ರಿಚ್ಚಿ ಸ್ಟ್ರೀಟು, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರುಗಳಲ್ಲಿ ಸಿಗುತ್ತವೆ. ಅವುಗಳಲ್ಲಿ 2018ರ ಐ5 8500ಟಿ ಒಳ್ಳೆಯ ಪ್ರಾಣಿ. ಆರು ಕೋರು, ಎಚ್.ಇ.ವಿ.ಸಿ. ಅಚ್ಚು ಇದೆ, ಎವಿ1 ಇಲ್ಲ. ನಾವು ಮನೆಯಲ್ಲಿ ನೋಡುವ ಹಳೆಯ ಕನ್ನಡ ಹಾಡುಗಳು 4ಕೆಯಲ್ಲಿ ಎಲ್ಲಿ ಬರುತ್ತವೆ? ಸಾಮಾನ್ಯ ಅಳತೆಯ ಎವಿ1ನ್ನು ಅದು ಕೈಯಲ್ಲಿ ಸುತ್ತಿಯೇ ತೋರಿಸೀತು. ಅದಕ್ಕೂ ಹಳೆಯ ಆರನೆಯ, ಏಳನೆಯ ಪೀಳಿಗೆಯ ಐ5ಗಳನ್ನು ಈಗ ಬಲು ಅಗ್ಗವಾಗಿ ಕೊಡಬರುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಆರೈಕೆ 2025ರ ಅಕ್ಟೋಬರಿನಲ್ಲಿ ನಿಂತಿತು, ವಿಂಡೋಸ್ 11ಕ್ಕೆ ಇವು ಅರ್ಹವಲ್ಲ; ಅಗ್ಗಕ್ಕೆ ಕಾರಣ ಅದು. ಲಿಬ್ರೆಎಲೆಕ್, ಬಟೋಸೆರಾ ಎಂಬ ಪುಕ್ಕಟೆ ಲಿನಕ್ಸ್ ತಂತ್ರಾಂಶಗಳನ್ನು ಹಾಕಿಕೊಳ್ಳುವವರಿಗೆ ಅದರ ಚಿಂತೆಯಿಲ್ಲ. ಆದರೆ ಆರನೆಯ ಪೀಳಿಗೆಯನ್ನು ಬಿಟ್ಟುಬಿಡಿ, ಎಚ್.ಇ.ವಿ.ಸಿ.ಯ 10 ಬಿಟ್ ಅಚ್ಚು ಸರಿಯಾಗಿ ಬಂದದ್ದು ಏಳನೆಯದರಲ್ಲಿ.

ಪ್ರೊಸೆಸರಿನ ಸುತ್ತಲಿನ ಎರಡು ಮೂರು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇವೆ. ರೈಜನ್ ಕೊಳ್ಳುವವರು ನೆನಪಿನ ಪಟ್ಟಿ, ಅಂದರೆ ರ‍್ಯಾಮು, 16 ಜಿ.ಬಿ.ಯ ಒಂದರ ಬದಲು 8ರ ಎರಡು ಹಾಕಿಸಬೇಕು. ಚಿತ್ರ ಬರೆಯುವ ಭಾಗವೂ ಅದೇ ಬಾವಿಯಿಂದ ನೀರು ಸೇದುವುದರಿಂದ ರಾಟೆ ಎರಡಿರಬೇಕು. ಎನ್100ಕ್ಕೆ ಒಂದೇ ರಾಟೆ. ಅಲ್ಲಿ ಆ ಪ್ರಶ್ನೆಯಿಲ್ಲ. ಫ್ಯಾನಿಲ್ಲದ ಪೆಟ್ಟಿಗೆಯ ಮೌನ ಚೆನ್ನ, ಆದರೆ ಮುಂಬಯಿ ಚೆನ್ನೈಗಳ ಮೇ ತಿಂಗಳಲ್ಲಿ ಗಾಜಿನ ಬಾಗಿಲಿನ ಷೋಕೇಸಿನೊಳಗೆ ಇಟ್ಟರೆ ಅದು ತಾನೇ ವೇಗ ತಗ್ಗಿಸಿಕೊಂಡು ಕೂರುತ್ತದೆ. ಹೊರಗೆ ಗಾಳಿಯಾಡುವಲ್ಲಿ ಇಡಿ. ಕರೆಂಟಿನ ಭಯ ಬೇಡ: ಸರಾಸರಿ 10 ವಾಟೆಂದು ಹಿಡಿದು ಹಗಲಿರುಳು ಹಚ್ಚಿಟ್ಟರೂ ತಿಂಗಳಿಗೆ ಸುಮಾರು 7 ಯೂನಿಟ್ಟು. ಹಣ ಕಟ್ಟಿ ನೋಡುವ ಓ.ಟಿ.ಟಿ. ಸಿನಿಮಾಗಳಿಗೆ ಟೆಲಿವಿಷನ್ನಿನ ಸ್ವಂತ ಆ್ಯಪೇ ಲೇಸು. ಲಿನಕ್ಸ್ ಪೆಟ್ಟಿಗೆಗೆ ಆ ಕಂಪನಿಗಳು ತಮ್ಮ ಮೇಲ್ದರ್ಜೆಯ ಚಿತ್ರ ಕಳಿಸುವುದಿಲ್ಲ. ಇದು ಬೀಗದ ಕೈಯ ವಿಷಯ, ಪ್ರೊಸೆಸರಿನ ತಪ್ಪಲ್ಲ. ಆಟಗಳ ವಿಷಯದಲ್ಲೂ ಒಂದು ಮಾತು: ಅವು ಆಯಾ ಕಂಪನಿಗಳ ಸೊತ್ತು. ಸೋದರಳಿಯ ತನ್ನ ಹಳೆಯ ತಟ್ಟೆಗಳನ್ನೂ ಯಂತ್ರವನ್ನೂ ಇಟ್ಟುಕೊಂಡಿದ್ದ, ಅವುಗಳಿಂದಲೇ ಇಳಿಸಿಕೊಂಡ. ಕಂಡಲ್ಲಿ ಇಳಿಸಿಕೊಳ್ಳುವ ಚಾಳಿ ನಮಗೆ ಹಿಡಿಸದು.

ಬಾತುಕೋಳಿಗೆ ಗುಂಡು ಹೊಡೆಯುವ ಆಟದ ಪ್ಲಾಸ್ಟಿಕ್ ಪಿಸ್ತೂಲನ್ನೂ ಅವನು ಉಳಿಸಿಕೊಂಡಿದ್ದ. ನಮ್ಮ ಮೊಮ್ಮಗ ಅದನ್ನು ಹಿಡಿದು ಒಂದು ಭಾನುವಾರವಿಡೀ ಟೆಲಿವಿಷನ್ನಿಗೆ ಗುರಿಯಿಟ್ಟ. ಒಂದು ಬಾತೂ ಬೀಳಲಿಲ್ಲ. ಆ ಪಿಸ್ತೂಲು ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನು ಬೆಳಕು ಚೆಲ್ಲುವ ಕ್ಷಣದ ಲೆಕ್ಕಕ್ಕೆ ಕಟ್ಟಿದ್ದು. ಇಂದಿನ ಚಪ್ಪಟೆ ಪರದೆಗೆ ಆ ಲೆಕ್ಕ ಒಗ್ಗದು. ಎಷ್ಟು ಹಣ ಕೊಟ್ಟು ಯಾವ ಪ್ರೊಸೆಸರು ತಂದರೂ ಇದಕ್ಕೆ ಮದ್ದಿಲ್ಲ.

ಹಾಗೆ ಮದ್ದು ಬೇರೆಡೆ ಇದ್ದ ಇನ್ನೊಂದು ರೋಗದ ಕತೆ ಉಳಿದಿದೆ. ಎರಡನೆಯ ಸಲ ನಾವು ಎನ್100 ತಂದೆವು. ಈ ಸಲ ಅಂಗಡಿಗೆ ಹೋಗುವ ಮುನ್ನ ಕಪಾಟು ತೆಗೆದು ಪಟ್ಟಿ ಬರೆದುಕೊಂಡಿದ್ದೆವು: ಮದುವೆಯ ತಟ್ಟೆ, ಇಪ್ಪತ್ತೆರಡು ವಿ.ಸಿ.ಡಿ. ಸಿನಿಮಾ, ಮಗಳು ಫೋನಿನಲ್ಲಿ ತೆಗೆದ 4ಕೆ ಚಿತ್ರಗಳು, ಮೊಮ್ಮಗನಿಗೆ ಮಾರಿಯೋ. ಎಲ್ಲವೂ ಈ ಪೆಟ್ಟಿಗೆಗೆ ಎಡಗೈ ಕೆಲಸ. ಹೆಮ್ಮೆಯಿಂದ ತಂದು ಹಚ್ಚಿ, ತಾಯಿಯವರನ್ನು ಕೂರಿಸಿ, ಮದುವೆಯನ್ನು ಹಾಕಿದೆವು. ಅದೇ ಗೆರೆ! ಅದೇ ಬಾಚಣಿಗೆ! ತಂದೆಯವರು ಮತ್ತೆ ಸೀಳಿಹೋದರು. ತಾಯಿಯವರು ಎದ್ದು ಒಳಗೆ ಹೋಗಿ ಬತ್ತಿ ಹೊಸೆಯತೊಡಗಿದರು. ನಮ್ಮಾಕೆ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಸಂಕ್ರಾಂತಿಗೆ ಬಂದ ಸೋದರಳಿಯ ಕೇಳಿ ನಕ್ಕ. "ಮಾವ, ಇದು ಪ್ರೊಸೆಸರಿನ ದೋಷವಲ್ಲ. ಮೊದಲಿನ ಪೆಟ್ಟಿಗೆಯದ್ದೂ ಅಲ್ಲ" ಎಂದ. ಆಮೇಲೆ ವಿವರಿಸಿದ. ಹಳೆಯ ವಿಡಿಯೋ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಎರಡು ಅರ್ಧಗಳಾಗಿ ತೆಗೆಯುತ್ತಿತ್ತು: ಒಮ್ಮೆ ಬೆಸ ಸಾಲುಗಳು, ಮರುಕ್ಷಣ ಸಮ ಸಾಲುಗಳು. ನಮ್ಮ ದೇಶದ ಲೆಕ್ಕದಲ್ಲಿ ಸೆಕೆಂಡಿಗೆ 25 ಚಿತ್ರ, 50 ಅರ್ಧಗಳು. ಹಳೆಯ ಟೆಲಿವಿಷನ್ನು ಅವನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದುದರಿಂದ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಈಗಿನ ಪರದೆ ಎರಡು ಅರ್ಧಗಳನ್ನೂ ಒಟ್ಟಿಗೆ ತೋರಿಸುತ್ತದೆ. ನಿಂತವನು ಎರಡರಲ್ಲೂ ಒಂದೇ ಕಡೆ ಇರುತ್ತಾನೆ. ನಡೆಯುವವನು ಎರಡನೆಯ ಅರ್ಧದ ಹೊತ್ತಿಗೆ ಒಂದಿಷ್ಟು ಮುಂದೆ ಹೋಗಿರುತ್ತಾನೆ, ಅದೇ ಬಾಚಣಿಗೆ. ಎರಡನ್ನೂ ಬಿಡಿಸಿ ಹೊಂದಿಸುವ ಕೆಲಸಕ್ಕೆ ಡೀಇಂಟರ್ಲೇಸ್ ಎಂದು ಹೆಸರು. ಸಿನಿಮಾ ತೋರಿಸುವ ತಂತ್ರಾಂಶದ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇತ್ತು, ಮುಚ್ಚಿತ್ತು. ಅವನು ರಿಮೋಟಿನ ಗುಂಡಿ ಮೂರು ಸಲ ಒತ್ತಿ ಅದನ್ನು ತೆರೆದ. ಪೆಟ್ಟಿಗೆಯಿಂದ ಟೆಲಿವಿಷನ್ನಿಗೆ ಹೋಗುವ ಚಿತ್ರದ ಲೆಕ್ಕವನ್ನು ಸೆಕೆಂಡಿಗೆ 60ರಿಂದ 50ಕ್ಕೆ ಇಳಿಸಿದ. ಅಷ್ಟೇ. ಮೂರು ತಿಂಗಳು, ಎರಡು ಪೆಟ್ಟಿಗೆ, ಮೂರು ಗುಂಡಿ!

ತಾಯಿಯವರನ್ನು ಕರೆದೆವು. ಚಪ್ಪರದಡಿ ತಂದೆಯವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ ಬಂದರು. ಮುಖ ಇಡಿಯಾಗಿತ್ತು. "ಎಲೆ ಹಾಕಿದೆ, ಏಳಿ, ಏಳಿ" ಎಂದು ಆಚೆಯವರಿಗೆ ಹೇಳಿ, ಕ್ಯಾಮೆರಾದವನ ಕಡೆ ತಿರುಗಿ, "ನಿಮ್ಮದು ಊಟ ಆಯಿತೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಮೊಮ್ಮಗ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ತಾಯಿಯವರು ಮೂರು ಸಲ ನೋಡಿ, "ಅವರದೇ ಆಗಿರಲಿಲ್ಲ ಆವತ್ತು. ನಾಲ್ಕು ಗಂಟೆಯಾಗಿತ್ತು ಅವರು ಎಲೆಗೆ ಕೂರುವಾಗ. ಹುಳಿ ಮುಗಿದುಹೋಗಿತ್ತು, ಮಜ್ಜಿಗೆ ಅನ್ನ ಉಂಡರು" ಎಂದರು. ಈ ಸಂಗತಿ ನಮಗೆ ಯಾರಿಗೂ ತಿಳಿದಿರಲಿಲ್ಲ.

ದೂರು ಹೊತ್ತಿದ್ದ ಮೊದಲ ಪೆಟ್ಟಿಗೆಯನ್ನು ಮಾರಲು ಮನಸ್ಸಾಗಲಿಲ್ಲ. ಸಂಘದ ವಾಚನಾಲಯದ ಟೆಲಿವಿಷನ್ನಿಗೆ ಅದನ್ನು ಜೋಡಿಸಿ, ಹಳೆಯ ರಾಜ್ಯೋತ್ಸವ ನಾಟಕಗಳ ಕ್ಯಾಸೆಟ್ಟುಗಳಿಂದ ಇಳಿಸಿದ್ದನ್ನು ತುಂಬಿಸಿದ್ದೇವೆ. ಆ ಸಾಲನ್ನು ತೆರೆದೇ ಇಟ್ಟಿದ್ದೇವೆ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನೋಡಬಹುದು. ರಿಮೋಟು ಗ್ರಂಥಪಾಲಕರ ಮೇಜಿನ ಬಲಗಡೆಯ ಖಾನೆಯಲ್ಲಿದೆ.